ಯುದ್ಧದ ಮಿತಿಯನ್ನೂ ಬಲ್ಲ ಸೇನಾನಿ: ಜನರಲ್ ಕೆ.ಎಸ್. ತಿಮ್ಮಯ್ಯ

ಸ್ವತಂತ್ರ ಭಾರತದ ಭೂಸೇನೆಯನ್ನು ಕಟ್ಟಿದ ಮೊದಲ ತಲೆಮಾರಿನ ಅಧಿಕಾರಿಗಳಲ್ಲಿ ಕೊಡಗಿನ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರಷ್ಟು ಬಗೆಬಗೆಯ ಹೊಣೆಗಳನ್ನು ಹೊತ್ತವರು ವಿರಳ. ಬರ್ಮಾದ ಕಾಡಿನಲ್ಲಿ ಜಪಾನೀಯರ ವಿರುದ್ಧ ಕಾದಾಡಿ ಶೌರ್ಯಪದಕ ಪಡೆದ ಅವರು ಕಾಶ್ಮೀರದ ಹಿಮಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದರು. ಕೊರಿಯಾದಲ್ಲಿ ಎರಡು ಬಣಗಳ ನಡುವೆ ನಿಂತು ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಭವಿಷ್ಯದ ಹೊಣೆ ಹೊತ್ತರು. ನಾಲ್ಕು ವರ್ಷ ಭೂಸೇನೆಯ ಮುಖ್ಯಸ್ಥರಾಗಿದ್ದು, ಕೊನೆಗೆ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಳಪತಿಯಾಗಿ ಕರ್ತವ್ಯದಲ್ಲಿರುವಾಗಲೇ ಅಸುನೀಗಿದರು. ಈ ಬದುಕನ್ನು ಬರಿಯ ಪರಾಕ್ರಮದ ಕಥೆಯಾಗಿ ಹೇಳುವುದು ರೂಢಿಯಾಗಿದೆಯಾದರೂ, ಶಸ್ತ್ರಬಲದಿಂದ ಏನಾಗುತ್ತದೆ, ಏನಾಗದು ಎಂಬುದನ್ನು ಅಳೆದು ನೋಡುವ ವಿವೇಕವೇ ಅವರ ವೃತ್ತಿಜೀವನದ ಹೆಚ್ಚಿನ ಗುಣವೆಂಬುದು ಅವರು ವಹಿಸಿದ ಹೊಣೆಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದಾಗ ಸ್ಪಷ್ಟವಾಗುತ್ತದೆ.

ತಿಮ್ಮಯ್ಯನವರು ಹುಟ್ಟಿದ್ದು 1906ರ ಮಾರ್ಚ್ ಕೊನೆಯಲ್ಲಿ, ಮಡಿಕೇರಿಯಲ್ಲಿ. ಕೊಡವರಲ್ಲಿ ವ್ಯಕ್ತಿಯ ಹೆಸರಿನ ಮುಂದೆ ಬರುವುದು ಒಕ್ಕದ, ಅಂದರೆ ಒಂದೇ ಮೂಲಪುರುಷನಿಂದ ಬಂದ ಕುಟುಂಬಗಳ ಸಮೂಹದ ಹೆಸರು. ಕೊಡಂದೇರ ಒಕ್ಕಕ್ಕೆ ಸೇರಿದ ಇನ್ನೊಬ್ಬರು, ಭಾರತೀಯ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೊಡಂದೇರ ಮಾದಪ್ಪ ಕಾರ್ಯಪ್ಪ. ಒಂದೇ ಒಕ್ಕದಿಂದ ಇಬ್ಬರು ಸೇನಾ ಮುಖ್ಯಸ್ಥರು ಬಂದದ್ದನ್ನು ಕೊಡಗಿನ ವೀರಪರಂಪರೆಯ ಮಾತಿನಿಂದಲೇ ವಿವರಿಸಿ ಮುಗಿಸುವುದುಂಟು. ಪರಂಪರೆ ಇದ್ದದ್ದು ನಿಜ, ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿಯನ್ನು ಬ್ರಿಟಿಷರೂ ಈ ಜನರಿಗೆ ಕೊಟ್ಟಿದ್ದರು; ಆದರೆ ಆ ಕಾಲದಲ್ಲಿ ಅಧಿಕಾರಿಯಾಗಲು ಬೇಕಾಗಿದ್ದುದು ದುಬಾರಿಯಾದ ಇಂಗ್ಲಿಷ್ ಶಾಲೆಯ ಶಿಕ್ಷಣ, ಮತ್ತು ಅದನ್ನು ಒದಗಿಸಿದ್ದು ಕಾಫಿ ತೋಟದ ಆದಾಯ. ತೋಟದ ಮನೆತನದವರಾಗಿದ್ದ ಸುಬ್ಬಯ್ಯನವರು ಮಗನನ್ನು ಕೂನೂರಿನ ಕಾನ್ವೆಂಟ್ ಶಾಲೆಗೆ, ಅನಂತರ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗೆ ಕಳುಹಿಸಿದರು; ಅಲ್ಲಿಂದ ಹುಡುಗ ಹೋದದ್ದು 1922ರಲ್ಲಿ ಡೆಹರಾಡೂನಿನಲ್ಲಿ ತೆರೆದಿದ್ದ ಪ್ರಿನ್ಸ್ ಆಫ್ ವೇಲ್ಸ್ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜಿಗೆ. ಭಾರತೀಯ ಬಾಲಕರನ್ನು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿಗೆ ಅಣಿಗೊಳಿಸುವುದೇ ಆ ಸಂಸ್ಥೆಯ ಉದ್ದೇಶವಾಗಿತ್ತು.

ಸ್ಯಾಂಡ್‌ಹರ್ಸ್ಟಿನ ಬಾಗಿಲು ಭಾರತೀಯರಿಗೆ ತೆರೆದದ್ದು ಮೊದಲನೆಯ ಮಹಾಯುದ್ಧದ ಕೊನೆಗೆ, ಅದೂ ವರ್ಷಕ್ಕೆ ಹತ್ತು ಸ್ಥಾನಗಳ ಮಟ್ಟಿಗೆ ಮಾತ್ರ. ಅದಕ್ಕೂ ಮೊದಲು ಭಾರತೀಯನೊಬ್ಬ ಸೇನೆಯಲ್ಲಿ ಏರಬಹುದಾಗಿದ್ದುದು ಜಮಾದಾರ, ಸುಬೇದಾರ ದರ್ಜೆಗಳವರೆಗೆ; ವೈಸರಾಯ್ ಸಹಿಯಿಂದ ಸಿಗುತ್ತಿದ್ದ ಆ ಅಧಿಕಾರಪತ್ರ ಹೊಂದಿದವನು ಎಷ್ಟೇ ಹಿರಿಯನಾದರೂ ಹೊಸದಾಗಿ ಬಂದ ಬ್ರಿಟಿಷ್ ಯುವಕನ ಆಜ್ಞೆಗೆ ಒಳಪಡಬೇಕಿತ್ತು. ಸ್ಯಾಂಡ್‌ಹರ್ಸ್ಟಿನಲ್ಲಿ ತೇರ್ಗಡೆಯಾದವರಿಗೆ ದೊರೆಯುತ್ತಿದ್ದುದು ದೊರೆಯ ಸಹಿಯುಳ್ಳ ಕಿಂಗ್ಸ್ ಕಮಿಷನ್, ಅಂದರೆ ಬ್ರಿಟಿಷ್ ಅಧಿಕಾರಿಗಳಿಗೆ ಸಮನಾದ ಪದವಿ. ಈ ಸಮಾನತೆಯಿಂದ ಕಸಿವಿಸಿಗೊಂಡ ಆಳರಸರು 1923ರಲ್ಲಿ ಒಂದು ಉಪಾಯ ಹೂಡಿದರು: ಭಾರತೀಯ ಅಧಿಕಾರಿಗಳನ್ನು ಆಯ್ದ ಎಂಟು ಘಟಕಗಳಿಗೆ ಮಾತ್ರ ಸೇರಿಸುವುದು, ಆ ಮೂಲಕ ಯಾವ ಬ್ರಿಟಿಷ್ ಅಧಿಕಾರಿಯೂ ಭಾರತೀಯನ ಕೈಕೆಳಗೆ ಬರುವ ಪ್ರಸಂಗವನ್ನು ಆದಷ್ಟು ತಡೆಯುವುದು. ಭಾರತೀಕರಣ ಎಂಬ ಹೆಸರು ಹೊತ್ತಿದ್ದರೂ ವಾಸ್ತವದಲ್ಲಿ ಅದು ಪ್ರತ್ಯೇಕಿಸಿಡುವ ಯೋಜನೆಯಾಗಿತ್ತು. 1926ರ ಫೆಬ್ರವರಿಯಲ್ಲಿ ಕಮಿಷನ್ ಪಡೆದ ತಿಮ್ಮಯ್ಯನವರು, ಪದ್ಧತಿಯಂತೆ ಮೊದಲಿಗೆ ಬೆಂಗಳೂರಿನಲ್ಲಿದ್ದ ಒಂದು ಬ್ರಿಟಿಷ್ ಪಲ್ಟನ್ನಿನಲ್ಲಿ ಪಳಗಿ, ಅನಂತರ ಸೇರಿದ್ದು ಆ ಎಂಟು ಘಟಕಗಳಲ್ಲಿ ಒಂದಾದ 19ನೆಯ ಹೈದರಾಬಾದ್ ರೆಜಿಮೆಂಟಿನ ನಾಲ್ಕನೆಯ ಬೆಟಾಲಿಯನ್ನಿಗೆ. ಇದೇ ರೆಜಿಮೆಂಟು ಮುಂದೆ ಕುಮಾವೂಂ ರೆಜಿಮೆಂಟ್ ಎಂಬ ಹೆಸರು ತಾಳಿತು.

ಆಗ ಇರಾಕಿನ ಬಾಗ್ದಾದಿನಲ್ಲಿದ್ದ ಆ ಬೆಟಾಲಿಯನ್ನಿನೊಂದಿಗೆ ಆರಂಭವಾದ ಸೇವೆಯ ಮೊದಲ ವರ್ಷಗಳು ಒಳಗೊಳಗೇ ತುಮುಲದ ವರ್ಷಗಳಾಗಿದ್ದವು. ಕಚೇರಿಯಲ್ಲಿ ಸಮಾನ ಪದವಿ, ಸಂಜೆಯ ಕ್ಲಬ್ಬಿನಲ್ಲಿ ಚರ್ಮದ ಬಣ್ಣದ ಅಡ್ಡಗೋಡೆ ಎಂಬ ಸ್ಥಿತಿಯಲ್ಲಿ, ಹೊರಗೆ ಗಾಂಧೀಜಿಯವರ ಚಳವಳಿ ಕಾವೇರುತ್ತಿದ್ದ ಹೊತ್ತಿನಲ್ಲಿ, ಬ್ರಿಟಿಷ್ ಸಮವಸ್ತ್ರ ತೊಟ್ಟ ಭಾರತೀಯ ಯುವಕನಿಗೆ ತಾನು ಯಾರ ಪಕ್ಷದವನೆಂಬ ಪ್ರಶ್ನೆ ಎದುರಾಗದೆ ಇರುತ್ತಿರಲಿಲ್ಲ. ಅಲಹಾಬಾದಿನಲ್ಲಿದ್ದಾಗ ರಾಜೀನಾಮೆಯ ಯೋಚನೆಯನ್ನು ಮೋತಿಲಾಲ್ ನೆಹರೂ ಅವರ ಮುಂದಿಟ್ಟಾಗ, ಸ್ವಾತಂತ್ರ್ಯ ಬಂದ ದಿನ ದೇಶಕ್ಕೆ ತರಬೇತಾದ ಅಧಿಕಾರಿಗಳು ಬೇಕಾಗುತ್ತಾರೆ, ಸೇನೆಯಲ್ಲೇ ಉಳಿಯಬೇಕು ಎಂದು ಅವರು ತಿಳಿಹೇಳಿದರೆಂದು ತಿಮ್ಮಯ್ಯನವರ ಜೀವನಕಥೆಯಲ್ಲಿ ದಾಖಲಾಗಿದೆ. 1935ರಲ್ಲಿ ನೀನಾ ಅವರೊಡನೆ ವಿವಾಹವಾಯಿತು. ಅದೇ ವರ್ಷದ ಮೇ ಕೊನೆಯಲ್ಲಿ ಕ್ವೆಟ್ಟಾ ನಗರವನ್ನು ನೆಲಸಮ ಮಾಡಿದ ಭೂಕಂಪದಲ್ಲಿ ನವದಂಪತಿಗಳಿಬ್ಬರೂ ಪರಿಹಾರಕಾರ್ಯದಲ್ಲಿ ತೊಡಗಿದರು. ಕೆಲಕಾಲ ಮದ್ರಾಸಿನಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಸೈನಿಕ ತರಬೇತಿ ಕೊಡುವ ದಳದಲ್ಲಿದ್ದು, ಮಹಾಯುದ್ಧ ಆರಂಭವಾದ ಮೇಲೆ ಸಿಂಗಪುರದಲ್ಲಿದ್ದ ತಮ್ಮ ಬೆಟಾಲಿಯನ್ನಿಗೆ ಮರಳಿದ ತಿಮ್ಮಯ್ಯನವರು, ಆ ನಗರ 1942ರ ಫೆಬ್ರವರಿಯಲ್ಲಿ ಜಪಾನೀಯರ ವಶವಾಗುವ ಮೊದಲೇ ವರ್ಗಾವಣೆಯ ಮೇಲೆ ಭಾರತಕ್ಕೆ ಬಂದಿದ್ದರು. ಅವರ ಅಣ್ಣ ಪೊನ್ನಪ್ಪನವರು ಸೆರೆಸಿಕ್ಕು, ಮುಂದೆ ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಫೌಜನ್ನು ಸೇರಿದರು. ಒಂದೇ ಮನೆಯ ಇಬ್ಬರು ಯುದ್ಧದ ಎರಡು ಬದಿಗಳಲ್ಲಿ ನಿಂತ ಈ ಸಂದರ್ಭವು ಆ ತಲೆಮಾರಿನ ಭಾರತೀಯ ಸೈನಿಕರ ಇಕ್ಕಟ್ಟನ್ನು ಯಾವ ವ್ಯಾಖ್ಯಾನಕ್ಕಿಂತಲೂ ಚೆನ್ನಾಗಿ ತೋರಿಸುತ್ತದೆ.

ತಿಮ್ಮಯ್ಯನವರು ದಂಡನಾಯಕತ್ವದ ನಿಜವಾದ ಪರೀಕ್ಷೆಗೆ ಒಳಗಾದದ್ದು ಬರ್ಮಾದ ಅರಾಕಾನ್ ಕರಾವಳಿಯಲ್ಲಿ. 25ನೆಯ ಭಾರತೀಯ ಡಿವಿಷನ್ನಿನ 51ನೆಯ ಬ್ರಿಗೇಡಿನಲ್ಲಿ ಮೂರು ಬೆಟಾಲಿಯನ್ನುಗಳಿದ್ದವು. ಬೆಟಾಲಿಯನ್ ಎಂದರೆ ಸುಮಾರು ಏಳೆಂಟುನೂರು ಯೋಧರ ಪದಾತಿ ಘಟಕ. ಅಂಥ ಮೂರು ಸೇರಿದರೆ ಬ್ರಿಗೇಡು, ಅಂಥ ಕೆಲವು ಬ್ರಿಗೇಡುಗಳೂ ಫಿರಂಗಿದಳ ಮೊದಲಾದವೂ ಸೇರಿದರೆ ಡಿವಿಷನ್. ಈ ಬ್ರಿಗೇಡಿನ ಮೂರೂ ಬೆಟಾಲಿಯನ್ನುಗಳ ನಾಯಕತ್ವ ಭಾರತೀಯರ ಕೈಯಲ್ಲಿದ್ದುದು ಆ ಕಾಲಕ್ಕೆ ಅಪರೂಪ: ಹೈದರಾಬಾದ್ ರೆಜಿಮೆಂಟಿನ ಎಂಟನೆಯ ಬೆಟಾಲಿಯನ್ನಿಗೆ ತಿಮ್ಮಯ್ಯ, ಪಂಜಾಬ್ ರೆಜಿಮೆಂಟಿನ ಬೆಟಾಲಿಯನ್ನಿಗೆ ಎಸ್.ಪಿ.ಪಿ. ಥೋರಾಟ್, ಬಲೂಚ್ ರೆಜಿಮೆಂಟಿನದಕ್ಕೆ ಎಲ್.ಪಿ. ಸೇನ್. 1945ರ ಜನವರಿಯಲ್ಲಿ ಜಪಾನೀ ಸೇನೆ ಹಿಂದೆಗೆಯುತ್ತಿದ್ದ ದಾರಿಗೆ ಅಡ್ಡಲಾಗಿ ಕಾಂಗಾವ್ ಎಂಬಲ್ಲಿ, ಕಡಲಕಾಲುವೆಗಳೂ ಕೆಸರೂ ಕಾಡೂ ಕೂಡಿದ ನೆಲದಲ್ಲಿ ನಡೆದ ಕಾಳಗದಲ್ಲಿ ಶತ್ರು ಪ್ರತಿ ಗುಡ್ಡವನ್ನೂ ಪ್ರಾಣ ಒತ್ತೆಯಿಟ್ಟು ಹಿಡಿದುಕೊಂಡಿದ್ದ; ಹತ್ತಿರದಿಂದ, ಕೈಗೆ ಕೈ ಮಿಲಾಯಿಸಿ ಹೋರಾಡುವ ಪ್ರಸಂಗಗಳೂ ಎದುರಾದವು. ಯುದ್ಧಭೂಮಿಯ ನಾಯಕತ್ವಕ್ಕಾಗಿ ಕೊಡುವ, ವಿಕ್ಟೋರಿಯಾ ಕ್ರಾಸಿನ ನಂತರದ ಸ್ಥಾನದಲ್ಲಿದ್ದ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್ ಎಂಬ ಪದಕವು ಮೂವರಿಗೂ ದೊರೆಯಿತು. ಭಾರತೀಯರು ಒಳ್ಳೆಯ ಯೋಧರಾದಾರು, ಆದರೆ ಕಾಳಗವನ್ನು ಮುನ್ನಡೆಸುವ ನಾಯಕರಾಗಲಾರರು ಎಂದು ದಶಕಗಳಿಂದ ಹೇಳುತ್ತ ಬಂದಿದ್ದ ವಾದಕ್ಕೆ ಇಷ್ಟು ನೇರವಾದ ಉತ್ತರ ಅದುವರೆಗೆ ಸಿಕ್ಕಿರಲಿಲ್ಲ. ಕೆಲವೇ ತಿಂಗಳಲ್ಲಿ ತಿಮ್ಮಯ್ಯನವರು 36ನೆಯ ಬ್ರಿಗೇಡಿನ ನಾಯಕರಾಗಿ, ಆ ಮಹಾಯುದ್ಧದ ರಣರಂಗದಲ್ಲಿ ಪದಾತಿ ಬ್ರಿಗೇಡನ್ನು ನಡೆಸಿದ ಏಕೈಕ ಭಾರತೀಯರೆನಿಸಿದರು. ಜಪಾನೀಯರು ಸಿಂಗಪುರದಲ್ಲಿ ಶರಣಾದಾಗ ಸಮಾರಂಭದಲ್ಲಿ ಹಾಜರಿದ್ದು, ಬಳಿಕ ಸೋತ ಜಪಾನಿಗೆ ಹೋದ ಕಾಮನ್‌ವೆಲ್ತ್ ಪಡೆಯಲ್ಲಿ 268ನೆಯ ಭಾರತೀಯ ಬ್ರಿಗೇಡಿನ ಮುಖ್ಯಸ್ಥರಾಗಿದ್ದರು.

1947ರಲ್ಲಿ ದೇಶ ವಿಭಜನೆಯಾದಾಗ ಪಂಜಾಬಿನ ಹನ್ನೆರಡು ಜಿಲ್ಲೆಗಳಲ್ಲಿ ಶಾಂತಿ ಕಾಯಲು ಮೇಜರ್ ಜನರಲ್ ರೀಸ್ ಅವರ ನೇತೃತ್ವದಲ್ಲಿ ಪಂಜಾಬ್ ಗಡಿ ಪಡೆ ರಚನೆಯಾಯಿತು. ಅದರ ಸಲಹೆಗಾರರಲ್ಲಿ ಭಾರತದ ಕಡೆಯಿಂದ ತಿಮ್ಮಯ್ಯನವರೂ ಪಾಕಿಸ್ತಾನದ ಕಡೆಯಿಂದ ಮುಂದೆ ಆ ದೇಶದ ಸರ್ವಾಧಿಕಾರಿಯಾದ ಅಯೂಬ್ ಖಾನರೂ ಇದ್ದರು. ರಕ್ತಪಾತದ ಅಗಾಧತೆಯ ಮುಂದೆ ಆ ಪಡೆ ಏನೂ ಮಾಡಲಾರದೆ ಒಂದೇ ತಿಂಗಳಲ್ಲಿ ವಿಸರ್ಜನೆಗೊಂಡಿತು. ಮೇಜರ್ ಜನರಲ್ ದರ್ಜೆಗೇರಿದ ತಿಮ್ಮಯ್ಯನವರಿಗೆ ಪೂರ್ವ ಪಂಜಾಬಿನಲ್ಲಿ ನಾಲ್ಕನೆಯ ಡಿವಿಷನ್ನಿನ ಹೊಣೆ ಬಂದಿತು. ನಿರಾಶ್ರಿತರ ಸಾಲುಗಳನ್ನು ಎರಡೂ ದಿಕ್ಕಿನಲ್ಲಿ ಕಾಯುವ ಆ ಕೆಲಸದಲ್ಲಿ ಗೆಲುವೆಂಬುದು ಇರಲಿಲ್ಲ.

ಕಾಶ್ಮೀರದಲ್ಲಿ 1947ರ ಅಕ್ಟೋಬರಿನಿಂದ ನಡೆಯುತ್ತಿದ್ದ ಯುದ್ಧವು 1948ರ ಮೇ ತಿಂಗಳ ವೇಳೆಗೆ ಎರಡು ಡಿವಿಷನ್ನುಗಳ ನಡುವೆ ಹಂಚಿಹೋಗಿ, ಶ್ರೀನಗರದ ಕಡೆಯ ಭಾಗ ತಿಮ್ಮಯ್ಯನವರ ಪಾಲಿಗೆ ಬಂದಿತು. ಅವರ ಮೇಲಧಿಕಾರಿ, ಪಶ್ಚಿಮ ಕಮಾಂಡಿನ ಮುಖ್ಯಸ್ಥರಾಗಿ ಬಂದ ಕಾರ್ಯಪ್ಪನವರು. ಹೀಗೆ ಆ ವರ್ಷದ ಕಾಶ್ಮೀರ ಯುದ್ಧದ ಎರಡು ಮುಖ್ಯ ಸ್ಥಾನಗಳಲ್ಲಿ ಒಂದೇ ಒಕ್ಕದ ಇಬ್ಬರು ಕೊಡವರಿದ್ದರು. ಮೇ ತಿಂಗಳ ಆಕ್ರಮಣದಲ್ಲಿ ಬ್ರಿಗೇಡಿಯರ್ ಹರಬಖ್ಷ್ ಸಿಂಗರ ಪಡೆ ವೇಗವಾಗಿ ಮುನ್ನುಗ್ಗಿ 23ರಂದು ಟಿಥ್ವಾಲನ್ನು ಹಿಡಿಯಿತಾದರೂ ಉರಿಯ ಕಡೆಯ ಮುನ್ನಡೆ ನಿಂತುಹೋಯಿತು. ಅಷ್ಟರಲ್ಲಿ ಇನ್ನೂ ಗಂಭೀರವಾದ ಅಪಾಯ ಉತ್ತರದಿಂದ ಬಂದಿತ್ತು. ಗಿಲ್ಗಿತ್ತಿನಿಂದ ಇಳಿದುಬಂದ ಪಡೆಗಳು ಸ್ಕರ್ದು ಕೋಟೆಯನ್ನು ಮುತ್ತಿ, ಕಾರ್ಗಿಲ್ ಮತ್ತು ದ್ರಾಸ್‌ಗಳನ್ನು ಕಸಿದುಕೊಂಡು, ಕೊನೆಗೆ ಶ್ರೀನಗರ ಮತ್ತು ಲಡಾಖ್ ನಡುವಿನ ಏಕೈಕ ದಾರಿಯಾದ ಜೋಜಿಲಾ ಕಣಿವೆಯನ್ನೂ ವಶಪಡಿಸಿಕೊಂಡಿದ್ದರಿಂದ ಲೇಹ್ ಪಟ್ಟಣ ಬಾಹ್ಯಜಗತ್ತಿನಿಂದ ಕಡಿದುಹೋಯಿತು. ಲೆಫ್ಟಿನೆಂಟ್ ಕರ್ನಲ್ ಶೇರ್ ಜಂಗ್ ಥಾಪಾ ಸ್ಕರ್ದುವನ್ನು ಆರು ತಿಂಗಳ ಕಾಲ ಹಿಡಿದು ನಿಂತಿದ್ದರು. ಆಹಾರ, ಮದ್ದುಗುಂಡು ಎರಡೂ ಮುಗಿದು ಆಗಸ್ಟ್ 14ರಂದು ಆ ಕೋಟೆ ಬಿತ್ತು. ಅಲ್ಲಿಗೆ ನೆರವಿನ ದಂಡನ್ನು ತಲುಪಿಸಲು ಆಗಲಿಲ್ಲವೆಂಬುದು ಈ ಯುದ್ಧಲೆಕ್ಕದ ನೋವಿನ ಭಾಗ, ಅದನ್ನು ವಿಜಯದ ಕಥನಗಳು ಮರೆಮಾಡಬಾರದು.

ಲೇಹ್ ಉಳಿದದ್ದು ಮೂರು ಪ್ರಯತ್ನಗಳು ಒಂದಕ್ಕೊಂದು ಕೂಡಿಬಂದುದರಿಂದ. ಚಳಿಗಾಲದಲ್ಲೇ ಜೋಜಿಲಾವನ್ನು ನಡೆದು ದಾಟಿದ್ದ ಲಾಹುಲ್ ಪ್ರದೇಶದ ಒಂದು ಸಣ್ಣ ತುಕಡಿಯನ್ನು ಮೇಜರ್ ಪೃಥ್ವಿಚಂದ್ ಮುನ್ನಡೆಸಿದ್ದರು. ಲಡಾಖಿನವರೇ ಆದ ಇಂಜಿನಿಯರ್ ಸೋನಂ ನೋರ್ಬು ಸ್ಥಳೀಯ ಜನರನ್ನು ಕೂಡಿಸಿ ಸಿಂಧೂ ನದಿಯ ಬಯಲಿನಲ್ಲಿ ವಿಮಾನ ಇಳಿಯುವಷ್ಟು ನೆಲ ಸಮಮಾಡಿದ್ದರು. ಮೇ 24ರಂದು ವಾಯುಪಡೆಯ ಏರ್ ಕಮೊಡೋರ್ ಮೆಹರ್ ಸಿಂಗ್ ಆ ನೆಲದ ಮೇಲೆ ಡಕೋಟಾ ವಿಮಾನವನ್ನು ಇಳಿಸಿದರು. ಡಕೋಟಾ ಅಷ್ಟು ಎತ್ತರದ ಹಾರಾಟಕ್ಕೆಂದು ಮಾಡಿದ ವಿಮಾನವಾಗಿರಲಿಲ್ಲ, ಆ ಪರ್ವತಗಳ ನಕ್ಷೆಯೂ ಸರಿಯಾಗಿರಲಿಲ್ಲ, ಹತ್ತು ಸಾವಿರ ಅಡಿಗೂ ಮೇಲಿನ ಆ ಮರಳುನೆಲದ ಮೇಲೆ ಹಿಂದೆಂದೂ ಯಾರೂ ಇಳಿದಿರಲಿಲ್ಲ. ವಿಮಾನದಲ್ಲಿದ್ದ ಪ್ರಯಾಣಿಕ ತಿಮ್ಮಯ್ಯ. ಡಿವಿಷನ್ನಿನ ಮುಖ್ಯಸ್ಥ ಇಂಥ ಅಪಾಯಕ್ಕೆ ತಲೆಯೊಡ್ಡಬೇಕಿತ್ತೇ ಎಂಬ ಪ್ರಶ್ನೆ ಸಹಜವೇ ಆದರೂ, ಇದು ಸಾಧ್ಯವೆಂದು ಕೈಕೆಳಗಿನವರು ನಂಬಬೇಕಾದರೆ ಅಪಾಯದಲ್ಲಿ ತಾನೂ ಪಾಲುದಾರನಾಗಬೇಕೆಂಬ ಅವರ ಎಣಿಕೆಗೆ ಫಲ ಸಿಕ್ಕಿತು: ಮುಂದಿನ ದಿನಗಳಲ್ಲಿ ಗೂರ್ಖಾ ಸೈನಿಕರು ವಿಮಾನಗಳಲ್ಲಿ ಬಂದಿಳಿದು ಲೇಹ್‌ನ ರಕ್ಷಣೆಗೆ ನಿಂತರು.

ವಿಮಾನಗಳಿಂದ ಪಟ್ಟಣವನ್ನು ಕೆಲಕಾಲ ಉಳಿಸಿಕೊಳ್ಳಬಹುದು, ಲಡಾಖನ್ನು ಉಳಿಸಿಕೊಳ್ಳಬೇಕಾದರೆ ನೆಲದ ದಾರಿಯೇ ತೆರೆಯಬೇಕು. ಜೋಜಿಲಾ 11,575 ಅಡಿ ಎತ್ತರದ ಕಣಿವೆ. ಎರಡು ಬದಿಯ ಕಡಿದಾದ ಬಂಡೆಗಳ ಗುಹೆಗಳಲ್ಲಿ ಎದುರಾಳಿಗಳು ಮೆಷಿನ್ ಗನ್ನುಗಳನ್ನು ಹೂಡಿ ಕುಳಿತಿದ್ದರು. ಸೆಪ್ಟೆಂಬರಿನಲ್ಲಿ 77ನೆಯ ಪ್ಯಾರಾಶೂಟ್ ಬ್ರಿಗೇಡು ನಡೆಸಿದ ದಾಳಿಗಳು ವಿಫಲವಾದವು. ಕಾಲಾಳುಗಳಿಂದಷ್ಟೇ ಆಗದ ಈ ಕೆಲಸಕ್ಕೆ ಟ್ಯಾಂಕುಗಳನ್ನು ತರುವ ನಿರ್ಧಾರಕ್ಕೆ ಬಂದದ್ದು ಆಗ. ಟ್ಯಾಂಕುಗಳು ಬಯಲಿನ ಯುದ್ಧಕ್ಕೆ ಮಾಡಿದಂಥವು, ಅಷ್ಟು ಎತ್ತರದಲ್ಲಿ ಜಗತ್ತಿನ ಯಾವ ಸೇನೆಯೂ ಅವುಗಳನ್ನು ಬಳಸಿರಲಿಲ್ಲ, ಹಾಗಾಗಿಯೇ ಎದುರಾಳಿ ಅವುಗಳನ್ನು ನಿರೀಕ್ಷಿಸಲಾರ. ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ‘ಸ್ಪ್ಯಾರೋ’ ಅವರ ಏಳನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಹಗುರ ಟ್ಯಾಂಕುಗಳು ಜಮ್ಮುವಿನ ಕಡೆಯಿಂದ ಹೊರಟು, ಫಿರಂಗಿಯಿರುವ ಮೇಲಿನ ಗೋಪುರವನ್ನು ಬಿಚ್ಚಿ ಬೇರೆಯಾಗಿ ಸಾಗಿಸಿಕೊಂಡು, ನೋಡಿದವರಿಗೆ ಟ್ಯಾಂಕೆಂದು ತಿಳಿಯದಂತೆ ಹೊದಿಸಿಕೊಂಡು, ದುರ್ಬಲ ಸೇತುವೆಗಳನ್ನು ದಾಟಿ ಶ್ರೀನಗರದ ಆಚೆಯ ಬಾಲ್ತಾಲ್ ಶಿಬಿರವನ್ನು ಗುಟ್ಟಾಗಿ ಸೇರಿದವು. ಅಲ್ಲಿಂದ ಮೇಲಕ್ಕೆ ಇದ್ದುದು ಹೇಸರಗತ್ತೆಗಳ ಕಾಲುದಾರಿ. ಅದನ್ನು ಟ್ಯಾಂಕು ಹತ್ತುವಷ್ಟು ಅಗಲಿಸಿದವರು, ಬೆಂಗಳೂರಿನ ಹಲಸೂರು ಕೆರೆಯ ಬಳಿ ಕೇಂದ್ರಸ್ಥಾನವುಳ್ಳ ಮದ್ರಾಸ್ ಸ್ಯಾಪರ್ಸ್ ದಳದ, ಅಂದರೆ ಸೇನೆಯ ರಸ್ತೆ, ಸೇತುವೆ, ಸ್ಫೋಟಕಗಳ ಕೆಲಸ ಮಾಡುವ ಇಂಜಿನಿಯರಿಂಗ್ ದಳದ ಯೋಧರು. ಎದುರಾಳಿಯ ಗುಂಡಿನ ಕೆಳಗೆ ಬಂಡೆ ಸಿಡಿಸುತ್ತ ಅವರು ಕಡಿದ ಆ ದಾರಿಯಿಲ್ಲದೆ ಉಳಿದ ಯಾವ ಯೋಜನೆಗೂ ಅರ್ಥವಿರುತ್ತಿರಲಿಲ್ಲ, ಆದರೂ ಜನಪ್ರಿಯ ಕಥನಗಳಲ್ಲಿ ಅವರಿಗೆ ಸಿಕ್ಕುವ ಸ್ಥಾನ ತೀರ ಚಿಕ್ಕದು.

ಹಿಮಪಾತದಿಂದ ಮುಂದೂಡಲ್ಪಟ್ಟಿದ್ದ ದಾಳಿ 1948ರ ನವೆಂಬರ್ 1ರಂದು ಆರಂಭವಾಗಿ, ಹಿಮದ ಮಧ್ಯೆ ಮೇಲೇರಿದ ಟ್ಯಾಂಕುಗಳು ಗುಹೆಗಳ ಬಾಯಿಗೇ ಗುಂಡಿಕ್ಕತೊಡಗಿದಾಗ ಎದುರಾಳಿಗಳು ಕಂಗೆಟ್ಟು ಕಣಿವೆಯನ್ನು ಬಿಟ್ಟೋಡಿದರು. ದಾಳಿಯ ಮುಂಚೂಣಿಯಲ್ಲಿ ತಿಮ್ಮಯ್ಯನವರೂ ಇದ್ದರು. ನವೆಂಬರ್ 16ರಂದು ದ್ರಾಸ್ ಮರಳಿ ಸಿಕ್ಕಿತು, ಅದೇ ತಿಂಗಳ ನಾಲ್ಕನೆಯ ವಾರದಲ್ಲಿ ಕಾರ್ಗಿಲ್ ವಶವಾಗಿ ಲೇಹ್ ಕಡೆಯಿಂದ ಬಂದ ಪಡೆಯೊಂದಿಗೆ ಸಂಪರ್ಕ ಏರ್ಪಟ್ಟಿತು. ಬ್ರಿಟಿಷರು ಭಾರತೀಯ ಅಧಿಕಾರಿಗಳನ್ನು ಪ್ರತ್ಯೇಕಿಸಿಡಲೆಂದು ಆರಿಸಿದ್ದ ಎಂಟು ಘಟಕಗಳಲ್ಲಿ ಏಳನೆಯ ಲೈಟ್ ಕ್ಯಾವಲ್ರಿಯೂ ಒಂದೆಂಬುದನ್ನು ಇಲ್ಲಿ ನೆನೆಯಬೇಕು. ಜೋಜಿಲಾದ ಯೋಜನೆಯನ್ನು ಮುನ್ನಡೆಸಿದ ಡಿವಿಷನ್ ಮುಖ್ಯಸ್ಥರೂ ಅದನ್ನು ನಡೆಸಿಕೊಟ್ಟ ಟ್ಯಾಂಕುದಳವೂ ಆ ಎಂಟು ಘಟಕಗಳ ವ್ಯವಸ್ಥೆಯ ನೆರಳಿನಲ್ಲೇ ಬೆಳೆದು ಬಂದವು. 1949ರ ಜನವರಿ 1ರಂದು ಕದನವಿರಾಮ ಜಾರಿಗೆ ಬಂದಾಗ ಲಡಾಖಿಗೆ ಹೋಗುವ ದಾರಿ ಭಾರತದ ಕೈಯಲ್ಲಿತ್ತು. ಈ ಯುದ್ಧದಲ್ಲೇ ಸೇನೆಯಲ್ಲಿದ್ದ ತಿಮ್ಮಯ್ಯನವರ ತಮ್ಮ ಸೋಮಯ್ಯ ನೆಲಬಾಂಬಿಗೆ ಬಲಿಯಾದರು.

ಕಾಶ್ಮೀರದ ಅನಂತರ ಸೈನಿಕ ಶಿಕ್ಷಣ ಸಂಸ್ಥೆಯೊಂದರ ಮುಖ್ಯಸ್ಥರಾಗಿ, ಸೇನಾ ಕೇಂದ್ರ ಕಚೇರಿಯಲ್ಲಿ ಸರಬರಾಜಿನ ಹೊಣೆಯ ಕ್ವಾರ್ಟರ್‌ಮಾಸ್ಟರ್ ಜನರಲ್ ಆಗಿ ದುಡಿದ ತಿಮ್ಮಯ್ಯನವರನ್ನು 1953ರಲ್ಲಿ ಸರ್ಕಾರ ಆರಿಸಿದ್ದು ತೀರ ಬೇರೆಯ ಕೆಲಸಕ್ಕೆ. ಕೊರಿಯಾ ಯುದ್ಧವನ್ನು ನಿಲ್ಲಿಸಿದ, 1953ರ ಜುಲೈ 27ರ ಒಪ್ಪಂದಕ್ಕೆ ದೀರ್ಘಕಾಲ ಅಡ್ಡಿಯಾಗಿದ್ದುದು ಕೈದಿಗಳ ಪ್ರಶ್ನೆ. ಅಮೆರಿಕದ ನೇತೃತ್ವದ ವಿಶ್ವಸಂಸ್ಥೆಯ ಪಡೆಗಳ ವಶದಲ್ಲಿದ್ದ ಚೀನಿ ಮತ್ತು ಉತ್ತರ ಕೊರಿಯಾದ ಕೈದಿಗಳಲ್ಲಿ ಸಾವಿರಾರು ಮಂದಿ ತಾಯ್ನಾಡಿಗೆ ಮರಳಲು ಒಲ್ಲೆವೆನ್ನುತ್ತಿದ್ದಾರೆಂದು ಒಂದು ಪಕ್ಷ, ಅವರನ್ನು ಬೆದರಿಸಿ ಹಾಗೆ ಹೇಳಿಸಲಾಗುತ್ತಿದೆಯೆಂದು ಇನ್ನೊಂದು ಪಕ್ಷ. ಇದರ ಪರಿಹಾರಕ್ಕಾಗಿ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಮತ್ತು ಭಾರತ ಸೇರಿದ ತಟಸ್ಥ ರಾಷ್ಟ್ರಗಳ ಆಯೋಗವೊಂದು ರಚನೆಯಾಗಿ, ತಿಮ್ಮಯ್ಯ ಅದರ ಅಧ್ಯಕ್ಷರಾದರು. ಕೈದಿಗಳನ್ನು ಕಾಯಲು ಹೋದ ಭಾರತೀಯ ಪಡೆಗೆ ಬರ್ಮಾದ ದಿನಗಳ ಅವರ ಒಡನಾಡಿ ಥೋರಾಟ್ ನಾಯಕರು. ಭಾರತೀಯ ಸೈನಿಕರು ತನ್ನ ನೆಲದ ಮೇಲೆ ಕಾಲಿಡಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದದ್ದರಿಂದ ಅವರನ್ನು ಹಡಗುಗಳಿಂದ ಹೆಲಿಕಾಪ್ಟರುಗಳಲ್ಲೇ ಸೇನಾಮುಕ್ತ ವಲಯಕ್ಕೆ ಸಾಗಿಸಬೇಕಾಯಿತು; ಅಲ್ಲಿ ಅವರು ಕಟ್ಟಿಕೊಂಡ ಬಿಡಾರಕ್ಕೆ ಹಿಂದ್ ನಗರವೆಂಬ ಹೆಸರಾಯಿತು.

ಆಯೋಗದ ವಶಕ್ಕೆ ಬಂದವರು ದಕ್ಷಿಣದ ಕಡೆಯಿಂದ ಇಪ್ಪತ್ತೆರಡು ಸಾವಿರದ ಆರುನೂರಕ್ಕೂ ಹೆಚ್ಚು ಕೈದಿಗಳು, ಉತ್ತರದ ಕಡೆಯಿಂದ 359 ಮಂದಿ. ಪ್ರತಿಯೊಬ್ಬ ಕೈದಿಗೂ ಅವನ ದೇಶದ ಪ್ರತಿನಿಧಿಗಳು ಮರಳಿ ಬರುವ ವಿಷಯವನ್ನು ವಿವರಿಸಬೇಕು, ಬಳಿಕ ಅವನು ಮುಕ್ತವಾಗಿ ತೀರ್ಮಾನಿಸಬೇಕು, ಇದಕ್ಕೆ 90 ದಿನಗಳ ಅವಧಿ ಎಂಬುದು ನಿಯಮ. ಕಾಗದದ ಮೇಲೆ ಸರಳವಾಗಿದ್ದ ಈ ವ್ಯವಸ್ಥೆ ಶಿಬಿರಗಳೊಳಗೆ ನಡೆಯದಾಯಿತು, ಏಕೆಂದರೆ ಕೈದಿಗಳ ನಡುವೆಯೇ ಬಿಗಿಯಾದ ಗುಪ್ತ ಸಂಘಟನೆಗಳಿದ್ದು, ಮರಳಿ ಹೋಗಬಯಸುವವರನ್ನು ಹೊಡೆಯುತ್ತಿದ್ದವು, ಕೊಲ್ಲುತ್ತಲೂ ಇದ್ದವು. ಒಮ್ಮೆ ಕೈದಿಗಳು ಮೇಜರ್ ಗ್ರೇವಾಲ್ ಎಂಬ ಭಾರತೀಯ ಅಧಿಕಾರಿಯನ್ನು ಬೇಲಿಯೊಳಗೆ ಎಳೆದುಕೊಂಡು ಹೋದಾಗ ಥೋರಾಟರು ನಿಶ್ಶಸ್ತ್ರರಾಗಿ ಒಳಹೊಕ್ಕು ಬಿಡಿಸಿ ತಂದರು. ಅಕ್ಟೋಬರ್ ಆರಂಭದ ಗಲಭೆಗಳಲ್ಲಿ ಕಾವಲುಗಾರರು ಗುಂಡು ಹಾರಿಸಬೇಕಾಗಿ ಬಂದು ಕೆಲವು ಕೈದಿಗಳು ಸತ್ತರು. ವಿವರಣೆಯ ಸಭೆಗೆ ಕೈದಿಗಳನ್ನು ಬಲವಂತದಿಂದ ಎಳೆತರಬೇಕೆಂಬ ಒತ್ತಡ ಉತ್ತರದ ಪಕ್ಷದಿಂದ ಬಂತು. ಹಾಗೆ ಮಾಡಿದರೆ ನೂರಾರು ಜನ ಸಾಯುತ್ತಾರೆ, ಮಾಡದಿದ್ದರೆ ಪಕ್ಷಪಾತದ ಆರೋಪ ಬರುತ್ತದೆ. ತಿಮ್ಮಯ್ಯನವರು ಎರಡನೆಯದನ್ನು ಹೊತ್ತುಕೊಂಡರು. ಅವಧಿ ಮುಗಿದ ಮೇಲೆ ಕೈದಿಗಳನ್ನು ಬಿಡುಗಡೆ ಮಾಡುವ ಅಧಿಕಾರ ಆಯೋಗಕ್ಕಿಲ್ಲ, ಅನಿರ್ದಿಷ್ಟವಾಗಿ ಇಟ್ಟುಕೊಳ್ಳುವ ಅಧಿಕಾರವೂ ಇಲ್ಲ ಎಂಬ ನಿಲುವು ತಳೆದು, 1954ರ ಜನವರಿಯಲ್ಲಿ ಅವರನ್ನು ಮೊದಲು ಹಿಡಿದಿದ್ದ ಪಕ್ಷಗಳಿಗೇ ಒಪ್ಪಿಸಿದರು. ಯಾವ ಪಕ್ಷಕ್ಕೂ ಹೋಗಲೊಲ್ಲದ ಎಂಬತ್ತಕ್ಕೂ ಮಿಕ್ಕ ಕೈದಿಗಳು ಭಾರತೀಯ ಪಡೆಯೊಂದಿಗೆ ಹಡಗೇರಿ ಭಾರತಕ್ಕೆ ಬಂದರು. ಎರಡೂ ಬಣಗಳು ಆಯೋಗವನ್ನು ದೂರಿದವು. ತಟಸ್ಥನಾಗಿ ನಿಂತವನಿಗೆ ಸಿಕ್ಕಬಹುದಾದ ಪ್ರಮಾಣಪತ್ರ ಬಹುಶಃ ಅದೇ. 1954ರಲ್ಲಿ ಅವರಿಗೆ ಪದ್ಮ ಪ್ರಶಸ್ತಿ ಸಂದಿತು.

ದಕ್ಷಿಣ ಮತ್ತು ಪೂರ್ವ ಕಮಾಂಡುಗಳ ಮುಖ್ಯಸ್ಥರಾದ ಬಳಿಕ 1957ರ ಮೇ 8ರಂದು ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾದರು. ಸೈನಿಕರ ನಡುವೆ ಅವರಿಗಿದ್ದ ಜನಪ್ರಿಯತೆ ಅಸಾಧಾರಣ. ಅದೇ ವರ್ಷ ರಕ್ಷಣಾ ಸಚಿವರಾಗಿ ಬಂದ ವಿ.ಕೆ. ಕೃಷ್ಣ ಮೆನನ್ ತೀಕ್ಷ್ಣಮತಿ, ದೇಶದಲ್ಲೇ ಶಸ್ತ್ರಾಸ್ತ್ರ ತಯಾರಿಕೆಗೆ ಒತ್ತುಕೊಟ್ಟವರು. ಅಷ್ಟೇ ಕಟುಮಾತಿನವರು, ಹಿರಿಯ ಅಧಿಕಾರಿಗಳನ್ನು ದಾಟಿ ಕಿರಿಯರೊಡನೆ ನೇರ ವ್ಯವಹರಿಸುವ ಅಭ್ಯಾಸದವರು. ಪ್ರಧಾನಿಗೂ ಸಚಿವರಿಗೂ ಹತ್ತಿರವಾಗಿದ್ದ, ಯುದ್ಧರಂಗದ ಅನುಭವ ಹೆಚ್ಚಿಲ್ಲದ ಬಿ.ಎಂ. ಕೌಲ್ ಅವರ ಬಡ್ತಿಯ ವಿಷಯದಲ್ಲಿ ಮುಖ್ಯಸ್ಥರ ಅಭಿಪ್ರಾಯವನ್ನು ಬದಿಗೊತ್ತಿದ್ದು ಮನಸ್ತಾಪವನ್ನು ಹೆಚ್ಚಿಸಿತು. ತಿಮ್ಮಯ್ಯನವರು ಪ್ರಧಾನಿಯನ್ನು ಕಂಡು ಅಹವಾಲು ಹೇಳಿಕೊಂಡರು, ಅದು ಮೆನನ್‌ರಿಗೆ ತಿಳಿದು ಅವರು ಸಿಡಿದರು, 1959ರ ಆಗಸ್ಟ್ 31ರಂದು ತಿಮ್ಮಯ್ಯ ರಾಜೀನಾಮೆ ಸಲ್ಲಿಸಿದರು. ಪೂರ್ವದ ಗಡಿಯ ಲೊಂಗ್ಜುವಿನಲ್ಲಿ ಚೀನಿ ಸೈನಿಕರೊಡನೆ ಘರ್ಷಣೆ ನಡೆದು ಒಂದು ವಾರವೂ ಆಗಿರಲಿಲ್ಲ. ನೆಹರೂ ಅವರ ಒತ್ತಾಯಕ್ಕೆ ಮಣಿದು ಅವರು ರಾಜೀನಾಮೆಯನ್ನು ಹಿಂಪಡೆದರು. ಆದರೆ ಸುದ್ದಿ ಪತ್ರಿಕೆಗಳಿಗೆ ಸಿಕ್ಕಿತ್ತು, ಸೆಪ್ಟೆಂಬರ್ 2ರಂದು ಸಂಸತ್ತಿನಲ್ಲಿ ನೆಹರೂ ಮಾತನಾಡುತ್ತ ವಿಷಯವನ್ನು ಕ್ಷುಲ್ಲಕವೆಂಬಂತೆ ಬಣ್ಣಿಸಿ, ನಾಗರಿಕ ಸರ್ಕಾರದ ಅಧಿಕಾರವೇ ಮೇಲೆಂದು ಒತ್ತಿ ಹೇಳಿದರು.

ಈ ಪ್ರಸಂಗವನ್ನು ತೂಗಿ ನೋಡುವಾಗ ನೆರೆಯ ದೇಶದ ನೆನಪಿರಬೇಕು. ಪಂಜಾಬ್ ಗಡಿ ಪಡೆಯಲ್ಲಿ ತಿಮ್ಮಯ್ಯನವರ ಜೊತೆಯಲ್ಲಿದ್ದ ಅಯೂಬ್ ಖಾನರು 1958ರ ಅಕ್ಟೋಬರಿನಲ್ಲಿ ಪಾಕಿಸ್ತಾನದ ಆಡಳಿತವನ್ನು ಸೇನೆಯ ಬಲದಿಂದ ಕೈಗೆ ತೆಗೆದುಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಜನಪ್ರಿಯ ದಂಡನಾಯಕನೊಬ್ಬ ಸಚಿವನ ವಿರುದ್ಧ ನಿಂತದ್ದು ದಿಲ್ಲಿಯಲ್ಲಿ ಅಳುಕು ಹುಟ್ಟಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ತಿಮ್ಮಯ್ಯನವರು ಆರಿಸಿಕೊಂಡ ಹಾದಿ ಸಂವಿಧಾನಕ್ಕೆ ಪೂರ್ಣ ಒಪ್ಪುವಂಥದು: ಒಪ್ಪಲಾಗದಿದ್ದರೆ ಹುದ್ದೆ ಬಿಡುವುದು. ತಪ್ಪಿದ್ದರೆ ಅದು ರಾಜೀನಾಮೆ ಕೊಟ್ಟದ್ದರಲ್ಲಿಲ್ಲ, ಸಮಸ್ಯೆ ಒಂದೂ ಬಗೆಹರಿಯದಿರುವಾಗ ಹಿಂಪಡೆದದ್ದರಲ್ಲಿದೆ. ಹಿಂಪಡೆದ ಮೇಲೆ ಅವರ ಮಾತಿನ ತೂಕ ತಗ್ಗಿತು. ಪೂರ್ವ ಗಡಿಯ ರಕ್ಷಣೆಗಾಗಿ ಥೋರಾಟರು ಸಿದ್ಧಪಡಿಸಿ 1960ರಲ್ಲಿ ಅಣಕು ಕಾರ್ಯಾಚರಣೆಯಿಂದ ಪರೀಕ್ಷಿಸಿದ ಯೋಜನೆ ಕಡತದಲ್ಲೇ ಉಳಿಯಿತು; ತಮ್ಮ ಉತ್ತರಾಧಿಕಾರಿಯಾಗಿ ಥೋರಾಟರು ಬರಲೆಂಬ ಶಿಫಾರಸೂ ನಡೆಯದೆ, 1961ರ ಮೇ ತಿಂಗಳಲ್ಲಿ ಪಿ.ಎನ್. ಥಾಪರ್ ಮುಖ್ಯಸ್ಥರಾದರು, ಕೌಲ್ ಸೇನಾ ಕೇಂದ್ರ ಕಚೇರಿಯ ಪ್ರಬಲ ಸ್ಥಾನಕ್ಕೆ ಬಂದರು.

ನಿವೃತ್ತರಾದ ತಿಮ್ಮಯ್ಯನವರು 1962ರ ಜುಲೈಯಲ್ಲಿ ‘ಸೆಮಿನಾರ್’ ಪತ್ರಿಕೆಗೆ ಬರೆದ ಲೇಖನದಲ್ಲಿ, ಭಾರತವು ಒಂಟಿಯಾಗಿ ಚೀನಾದೊಡನೆ ಬಹಿರಂಗ ಯುದ್ಧಕ್ಕಿಳಿಯುವುದನ್ನು ಸೈನಿಕನಾಗಿ ತಾವು ಊಹಿಸಲಾರೆವೆಂದೂ, ಆ ದೇಶದಿಂದ ನಮ್ಮ ಭದ್ರತೆಯನ್ನು ಕಾಪಾಡುವ ಹೊಣೆ ರಾಜಕಾರಣಿಗಳ ಮತ್ತು ರಾಜತಂತ್ರಜ್ಞರ ಮೇಲಿದೆಯೆಂದೂ ಸ್ಪಷ್ಟವಾಗಿ ತಿಳಿಸಿದರು. ಜೋಜಿಲಾಕ್ಕೆ ಟ್ಯಾಂಕು ಹತ್ತಿಸಿದ ವ್ಯಕ್ತಿ ಹೀಗೆ ಬರೆಯಬೇಕಾದರೆ ಅದಕ್ಕೆ ಅಳುಕು ಕಾರಣವಾಗಿರಲಾರದು. ಎತ್ತರದ ಯುದ್ಧಕ್ಕೆ ರಸ್ತೆ, ಬಟ್ಟೆಬರೆ, ಮದ್ದುಗುಂಡು, ಒಗ್ಗಿಕೊಂಡ ಸೈನಿಕರು ಎಷ್ಟು ಬೇಕೆಂಬ ಲೆಕ್ಕ ಅವರಿಗೆ ಸ್ವಾನುಭವದಿಂದ ಗೊತ್ತಿತ್ತು. ಮೂರು ತಿಂಗಳಲ್ಲಿ ಯುದ್ಧ ಬಂದಿತು. ಸೋಲಿನ ನಡುವೆ ನವೆಂಬರಿನಲ್ಲಿ ಮೆನನ್ ಸ್ಥಾನ ಬಿಟ್ಟರು, ಹೊಸದಾಗಿ ರಚಿಸಿದ ರಾಷ್ಟ್ರೀಯ ರಕ್ಷಣಾ ಮಂಡಳಿಗೆ ತಿಮ್ಮಯ್ಯ ಮತ್ತು ಥೋರಾಟ್ ಇಬ್ಬರನ್ನೂ ಸರ್ಕಾರ ಕರೆಸಿಕೊಂಡಿತು.

1960ರಲ್ಲಿ ಸ್ವತಂತ್ರವಾದ ಸೈಪ್ರಸ್‌ನಲ್ಲಿ ಗ್ರೀಕ್ ಮತ್ತು ತುರ್ಕಿ ಮೂಲದ ಜನಾಂಗಗಳ ನಡುವೆ 1963ರ ಕೊನೆಗೆ ಹಿಂಸಾಚಾರ ಭುಗಿಲೆದ್ದು, ಭದ್ರತಾ ಮಂಡಳಿ 1964ರ ಮಾರ್ಚಿನಲ್ಲಿ ಶಾಂತಿಪಾಲನಾ ಪಡೆಯೊಂದನ್ನು ಅಲ್ಲಿಗೆ ಕಳುಹಿಸಿತು. ಅದರ ಮೊದಲ ದಳಪತಿ ಭಾರತದವರೇ ಆದ ಪಿ.ಎಸ್. ಗ್ಯಾನಿ, ಅವರ ನಂತರ ಜುಲೈಯಲ್ಲಿ ತಿಮ್ಮಯ್ಯನವರು ಅಧಿಕಾರ ವಹಿಸಿಕೊಂಡರು. ಮುಂದಿನ ತಿಂಗಳೇ ದ್ವೀಪದ ವಾಯವ್ಯದಲ್ಲಿ ಕಾಳಗ ನಡೆದು ತುರ್ಕಿಯ ವಿಮಾನಗಳು ಬಾಂಬು ಹಾಕಿದವು. ಶಾಂತಿಪಾಲನಾ ಪಡೆಗೆ ಯಾರನ್ನೂ ಸೋಲಿಸುವ ಅಧಿಕಾರವಿರುವುದಿಲ್ಲ, ಆತ್ಮರಕ್ಷಣೆಗೆ ಹೊರತು ಗುಂಡು ಹಾರಿಸುವಂತಿಲ್ಲ. ಎರಡು ಹಳ್ಳಿಗಳ ನಡುವೆ ಕಾವಲು ನಿಲ್ಲುವುದು, ಅಡ್ಡಗಟ್ಟಿದ ರಸ್ತೆಯನ್ನು ಮಾತುಕತೆಯಿಂದ ತೆರೆಸುವುದು, ಸುಗ್ಗಿಯ ಕಾಲದಲ್ಲಿ ರೈತರಿಗೆ ತಮ್ಮ ಹೊಲಕ್ಕೆ ಹೋಗಲು ರಕ್ಷಣೆ ಕೊಡುವುದು ಅದರ ನಿತ್ಯದ ಕೆಲಸ. ಹಲವು ದೇಶಗಳ ಸೈನಿಕರಿದ್ದ ಈ ಪಡೆಯನ್ನು ಎರಡೂ ಸಮುದಾಯಗಳ ವಿಶ್ವಾಸ ಕೆಡದಂತೆ ನಡೆಸಲು ಪಂಜಾಬು ಮತ್ತು ಕೊರಿಯಾಗಳಲ್ಲಿ ಗಳಿಸಿದ ಅನುಭವಕ್ಕಿಂತ ಉತ್ತಮ ಸಿದ್ಧತೆ ಬೇರೆ ಇರಲಾರದು. ಹೀಗೆ ದುಡಿಯುತ್ತಿರುವಾಗಲೇ 1965ರ ಡಿಸೆಂಬರಿನಲ್ಲಿ ಹೃದಯಾಘಾತದಿಂದ ಅವರು ನಿಧನರಾದರು. ದೇಹವನ್ನು ಬೆಂಗಳೂರಿಗೆ ತಂದು ಸೈನಿಕ ಗೌರವಗಳೊಂದಿಗೆ ಅಂತ್ಯಸಂಸ್ಕಾರ ಮಾಡಲಾಯಿತು. ಮರುವರ್ಷ ಸೈಪ್ರಸ್ ಸರ್ಕಾರ ಅವರ ಸ್ಮರಣೆಗೆ ಅಂಚೆಚೀಟಿ ಹೊರತಂದಿತು.

ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ ಬಹುಕಾಲ ಸರ್ಕಾರಿ ಕಚೇರಿಯಾಗಿದ್ದು, ಈಗ ಅವರ ಹೆಸರಿನ ವಸ್ತುಸಂಗ್ರಹಾಲಯವಾಗಿದೆ. 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಉದ್ಘಾಟಿಸಿದರು. ಬೆಂಗಳೂರಿನ ರಿಚ್ಮಂಡ್ ರಸ್ತೆಗೂ ಅವರ ಹೆಸರಿದೆ. ಕೊರಿಯಾದ ಅನುಭವವನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದ ‘ಎಕ್ಸ್‌ಪೆರಿಮೆಂಟ್ ಇನ್ ನ್ಯೂಟ್ರಾಲಿಟಿ’ ಎಂಬ ಪುಸ್ತಕ ಅಚ್ಚಾದದ್ದು ಅವರು ತೀರಿಕೊಂಡು ಹದಿನಾರು ವರ್ಷಗಳ ಬಳಿಕ, 1981ರಲ್ಲಿ. ಜೋಜಿಲಾದ ಸಾಹಸವನ್ನು ಬಲ್ಲ ಓದುಗರು ಆ ಪುಸ್ತಕವನ್ನೂ ಹುಡುಕಿ ಓದುವುದು ಅಗತ್ಯ, ಏಕೆಂದರೆ ಸೈನಿಕನೊಬ್ಬ ತನಗೆ ಒಪ್ಪಿಸಿದ ಕೈದಿಗಳ ಪ್ರಾಣವನ್ನೂ ಇಚ್ಛೆಯನ್ನೂ ಕಾಯಲು ದಿನದಿನವೂ ಏನೇನು ಯೋಚಿಸಿದನೆಂಬುದು ಅವರದೇ ಮಾತುಗಳಲ್ಲಿ ಅಲ್ಲಿ ಸಿಕ್ಕುತ್ತದೆ.